ಪುಸ್ತಕವೋ, ಫೋನೋ, ರಾತ್ರಿಯ ಮೈಕೋ: ದ್ವೀಪದಲ್ಲಿ ವಲಸೆ ಹಕ್ಕಿಗಳ ಲೆಕ್ಕ

ಏಪ್ರಿಲ್ ಮೂರನೇ ವಾರದ ಒಂದು ಬೆಳಗ್ಗೆ ನನ್ನ ಹತ್ತಿರ ಒಂದೇ ರಾತ್ರಿಯ ಎರಡು ಲೆಕ್ಕ ಇದ್ದವು. ರಾತ್ರಿಯಿಡೀ ಹೊರಗೆ ಓಡಿದ ರೆಕಾರ್ಡರ್ ಪ್ರಕಾರ ದ್ವೀಪದ ಮೇಲೆ ಹಾದುಹೋದದ್ದು ಬರೀ ಥ್ರಶ್ ಜಾತಿಯ ರೆಡ್‌ವಿಂಗ್‌ಗಳು. ಜೇಬಿನ ಪುಸ್ತಕದ ಪ್ರಕಾರ ಬಂದದ್ದು ಪುಟ್ಟ ಹಕ್ಕಿಗಳಾದ ವಿಲೋ ವಾರ್ಬ್ಲರ್‌ಗಳು. ಕಲ್ಲುಗೋಡೆಯ ಸಂದಿ, ಒಣಹುಲ್ಲು, ಹಳೇ ಬೇಲಿತಂತಿ, ಎಲ್ಲಿ ನೋಡಿದರೂ ಅವೇ, ಅರವತ್ತಕ್ಕೂ ಜಾಸ್ತಿ. ರೆಡ್‌ವಿಂಗ್ ಹುಡುಕಿದರೂ ಒಂದಿಲ್ಲ. ಎರಡು ಲೆಕ್ಕವೂ ಸರಿಯೇ. ಆದರೆ ಒಂದನ್ನು ಮಾತ್ರ ಇಟ್ಟುಕೊಂಡಿದ್ದರೆ ಆ ರಾತ್ರಿಯ ಅರ್ಧ ಕತೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಯುರೋಪಿನ ಉತ್ತರದ ಒಂದು ಪುಟ್ಟ ದ್ವೀಪ ಅದು. ಒಂದೂವರೆ ಗಂಟೆಯಲ್ಲಿ ಸುತ್ತು ಹಾಕಬಹುದು. ಮರ ಅಂತ ಹೇಳುವಂಥದ್ದು ಒಂದೂ ಇಲ್ಲ. ಸಮುದ್ರ ದಾಟುವಾಗ ಮಂಜು ಮುಸುಕಿದರೆ, ಮಳೆ ಹಿಡಿದರೆ, ಹಕ್ಕಿಗಳಿಗೆ ಸಿಗುವ ನೆಲ ಅಷ್ಟೇ. ಇಳಿದ ಮೇಲೆ ಅಡಗೋಕೆ ಜಾಗ ಕಡಿಮೆ. ಹಾಗಾಗಿ ಎಣಿಸುವವರಿಗೆ ಇಂಥ ದ್ವೀಪಗಳ ಮೇಲೆ ಮೊದಲಿಂದಲೂ ಕಣ್ಣು. 19ನೇ ಶತಮಾನದಲ್ಲಿ ಹೈನ್ರಿಷ್ ಗೇಟ್ಕೆ ಎಂಬಾತ ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಕೂತು ಐವತ್ತು ವರ್ಷಕ್ಕೂ ಹೆಚ್ಚು ಕಾಲ ವಲಸೆ ಹಕ್ಕಿಗಳನ್ನು ಗಮನಿಸಿದ. ನಾನು ಹೋದದ್ದು ಮೂರೇ ವಸಂತ, ಏಪ್ರಿಲ್ ನಡುವಿನಿಂದ ಮೇ ನಡುವಿನ ತನಕ. ಮೊದಲ ಸಲ ಪುಸ್ತಕ ಮತ್ತು ಪೆನ್ಸಿಲ್. ಎರಡನೇ ಸಲ ಫೋನಿನಲ್ಲಿ ಇಬರ್ಡ್, ಅಂದರೆ ಕಂಡ ಹಕ್ಕಿಗಳ ಪಟ್ಟಿ ಏರಿಸುವ ಜಾಲತಾಣ. ಮೂರನೇ ಸಲ ಪುಸ್ತಕದ ಜೊತೆಗೆ ರಾತ್ರಿ ಓಡುವ ರೆಕಾರ್ಡರ್.

ಪುಸ್ತಕದಿಂದ ಶುರು ಮಾಡುತ್ತೇನೆ. ಪೆನ್ನು ಬೇಡ, ಮೊದಲ ಮಳೆಗೇ ಶಾಯಿ ಹರಡಿ ಪುಟವೆಲ್ಲ ನೀಲಿ ಆಗುತ್ತದೆ. ಪೆನ್ಸಿಲ್ ಒದ್ದೆ ಕಾಗದದ ಮೇಲೂ ಬರೆಯುತ್ತದೆ. ಪುಟದ ತಲೆಯಲ್ಲಿ ಗಾಳಿ ಯಾವ ಕಡೆಯದು, ಮೋಡ ಎಷ್ಟು, ದೂರದ ಬಂಡೆ ಕಾಣುತ್ತಿದೆಯೋ ಇಲ್ಲವೋ. ಕೆಳಗೆ ಹಕ್ಕಿಯ ಹೆಸರು, ಪಕ್ಕದಲ್ಲಿ ಗೀಟು. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ. ಇದರ ದೊಡ್ಡ ಲಾಭ ಏನೆಂದರೆ ಕಣ್ಣು ಕೆಳಗಿಳಿಸದೆ ಗೀಟು ಹಾಕಬಹುದು. ಹತ್ತು ದಿನ ಅಭ್ಯಾಸ ಆದರೆ ಸಾಕು, ಬೈನಾಕ್ಯುಲರ್ ಕಣ್ಣಿಗೆ ಹಿಡಿದುಕೊಂಡೇ ಇನ್ನೊಂದು ಕೈ ತಾನಾಗಿ ಬರೆಯುತ್ತದೆ. ಗೀಟು ವಕ್ರ ಇರಬಹುದು, ಲೆಕ್ಕ ನೆಟ್ಟಗಿರುತ್ತದೆ.

ಇನ್ನೊಂದು ಲಾಭ ಸಂಜೆಯದ್ದು. ದ್ವೀಪಗಳ ಪಕ್ಷಿ ವೀಕ್ಷಣಾಲಯಗಳಲ್ಲಿ ಒಂದು ಹಳೇ ಪದ್ಧತಿ ಇದೆ. ರಾತ್ರಿಯಾಗುತ್ತಲೇ ಎಲ್ಲರೂ ಒಂದೆಡೆ ಕೂತು ಲೆಕ್ಕ ಒಪ್ಪಿಸುತ್ತಾರೆ. ಒಬ್ಬರು ಪಟ್ಟಿ ಹಿಡಿದು ಒಂದೊಂದೇ ಹಕ್ಕಿಯ ಹೆಸರು ಓದುತ್ತಾರೆ. ‘ವ್ಹೀಟಿಯರ್?’ ‘ಉತ್ತರದ ತುದಿಯಲ್ಲಿ ಎಂಟು.’ ‘ಪಶ್ಚಿಮದಲ್ಲಿ ಐದು, ಆದರೆ ಅದರಲ್ಲಿ ಎರಡು ನಿಮ್ಮ ಕಡೆ ಹಾರಿದವು.’ ಹಾಗಾದರೆ ಹನ್ನೊಂದು. ಇಬ್ಬರೂ ಕಂಡ ಹಕ್ಕಿ ಎರಡು ಸಲ ಎಣಿಕೆಗೆ ಬರದಂತೆ ಅಲ್ಲೇ ತೀರ್ಮಾನ ಆಗುತ್ತದೆ. ವೇಲ್ಸ್‌ನ ಸ್ಕೋಕಮ್ ದ್ವೀಪದಲ್ಲಿ ರೊನಾಲ್ಡ್ ಲಾಕ್ಲಿ 1933ರಲ್ಲಿ ಬ್ರಿಟನ್ನಿನ ಮೊದಲ ಪಕ್ಷಿ ವೀಕ್ಷಣಾಲಯ ಶುರು ಮಾಡಿದರು. ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪದ್ದು 1948ರದ್ದು. ಇಂಥ ಕಡೆಗಳಲ್ಲಿ ದಿನಾ ಅದೇ ನೆಲ ಸುತ್ತಿ, ದಿನಾ ದಾಖಲೆ ಬರೆದದ್ದರಿಂದಲೇ ಆಗಿನ ಏಪ್ರಿಲ್ ಜೊತೆ ಈಗಿನ ಏಪ್ರಿಲ್ ಹೋಲಿಸಲು ಸಾಧ್ಯ.

ಆದರೆ ನನ್ನ ಮೊದಲ ವಸಂತದ ಪುಸ್ತಕದಲ್ಲಿ ಒಂದು ಪುಟ ಇದೆ. ‘ಏಪ್ರಿಲ್ 22. ಮಳೆ. ಏನೂ ಇಲ್ಲ.’ ಅಷ್ಟೇ. ಅವತ್ತು ದ್ವೀಪ ಸುತ್ತಿ ಬಂದು ಏನೂ ಕಾಣದೆ ಹಾಗೆ ಬರೆದೆನೋ, ಮಳೆ ಅಂತ ಒಳಗೇ ಕೂತು ಬರೆದೆನೋ, ಈಗ ನನಗೇ ನೆನಪಿಲ್ಲ. ಎರಡಕ್ಕೂ ಅಜಗಜಾಂತರ. ಹುಡುಕಿ ಸಿಗದಿದ್ದರೆ ಅದು ಮಾಹಿತಿ. ಹುಡುಕದೇ ಇದ್ದರೆ ಅದು ಖಾಲಿ ಪುಟ.

ಫೋನು ಗೆಲ್ಲುವುದು ಇಲ್ಲೇ. ಇಬರ್ಡ್ 2002ರಲ್ಲಿ ಶುರುವಾದದ್ದು. ಆ್ಯಪ್‌ನಲ್ಲಿ ಪಟ್ಟಿ ಶುರು ಮಾಡಿದೊಡನೆ ಸಮಯ ಓಡುತ್ತದೆ, ನಡೆದ ದಾರಿ, ಎಷ್ಟು ದೂರ ಎಲ್ಲ ತಾನೇ ದಾಖಲಾಗುತ್ತದೆ. ಕೊನೆಗೆ ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಮಗೆ ಕಾಣಲಿಲ್ಲ ಅಂತಲೇ ಅರ್ಥ. ಆ ಒಂದು ಪ್ರಶ್ನೆ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಉಳಿದದ್ದರಲ್ಲಿ ಫೋನಿನ ಮೇಲೆ ನನಗೆ ಅಷ್ಟು ಪ್ರೀತಿ ಇಲ್ಲ. ಒದ್ದೆ ಪರದೆ ಮಳೆಹನಿಯನ್ನೂ ಬೆರಳು ಅಂದುಕೊಳ್ಳುತ್ತದೆ. ಒಂದು ದಿನ ಮೂರು ಅಂಬರಕೀಚುಗ ಮೂವತ್ಮೂರಾಗಿ ಕೂತಿತ್ತು. ನನ್ನ ಜೊತೆ ನಡೆದವರ ಲೆಕ್ಕದಲ್ಲಿ ಮೂರೇ ಇದ್ದದ್ದಕ್ಕೆ ಸಂಜೆ ಸಿಕ್ಕಿಬಿತ್ತು. ಇನ್ನು ಹೆಸರು ಹುಡುಕಲು ತಲೆ ಬಗ್ಗಿಸಿದ ಎರಡು ಸೆಕೆಂಡಿನಲ್ಲಿ ಗೋಡೆ ದಾಟಿ ಹೋದ ಹಕ್ಕಿ ಯಾವುದು ಅಂತ ಯಾರನ್ನು ಕೇಳೋದು? ಹಾರಿದ ದಿಕ್ಕನ್ನೂ ಟಿಪ್ಪಣಿಯಲ್ಲಿ ಕೈಯಾರೆ ಬರೆಯಬೇಕು. ವಲಸೆಯ ಲೆಕ್ಕದಲ್ಲಿ ದಿಕ್ಕೇ ಮುಖ್ಯ, ಅಲ್ವಾ? ಗಂಟೆಗೆ ಇಷ್ಟು, ಈ ಕಡೆಗೆ ಇಷ್ಟು ಅಂತ ದಂಡೆಯಲ್ಲಿ ಕೂತು ಎಣಿಸುವವರಿಗೆ ಟ್ರೆಕ್‌ಟೆಲೆನ್ ಎಂಬ ಡಚ್ ಜಾಲತಾಣ ಹೆಚ್ಚು ಹೊಂದುತ್ತದೆ. ಸಾಲುಸಾಲಾಗಿ ಬರುವ ಅಂಬರಕೀಚುಗಗಳಿಗೆ ಬೆರಳಲ್ಲಿ ಒತ್ತುವ ಎಣಿಕೆ ಯಂತ್ರವೇ ವಾಸಿ. ಟಿಕ್ ಟಿಕ್ ಟಿಕ್, ಅಷ್ಟೇ ಕೆಲಸ. ಫೋನಿಗೆ ಮಾತಾಡಿ ದಾಖಲಿಸುವುದನ್ನೂ ಎರಡು ದಿನ ಮಾಡಿದೆ. ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಪುಸ್ತಕ ಮತ್ತು ಫೋನು ಎರಡೂ ಸೋಲುವ ಒಂದು ಪ್ರಶ್ನೆ ಇದೆ. ಇವತ್ತಿನ ಹಕ್ಕಿ ನಿನ್ನೆಯದೇನಾ? ಮೊದಲ ವಸಂತದಲ್ಲಿ ಮೂರು ದಿನ ವಿಲೋ ವಾರ್ಬ್ಲರ್ ನಲವತ್ತು, ಮೂವತ್ತೈದು, ಇಪ್ಪತ್ತು ಸಿಕ್ಕವು. ತೊಂಬತ್ತೈದು ಹಕ್ಕಿ ಬಂದವು ಅಂತ ಹೆಮ್ಮೆಯಿಂದ ಹೇಳಿದೆ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರೊಬ್ಬರು ಅಲ್ಲಿದ್ದರು. ನಕ್ಕು, ‘ನಲವತ್ತು ಬಂದು, ಇಪ್ಪತ್ತು ಹೊರಟು ಹೋಗಿರಲೂಬಹುದಲ್ಲ?’ ಅಂದರು. ನಾನು ಕೂಡಿಸಿದ್ದು ಹಕ್ಕಿಗಳನ್ನಲ್ಲ, ಹಕ್ಕಿ-ದಿನಗಳನ್ನು.

ಆಮೇಲೆ ಒಂದಷ್ಟು ದಿನ ಅವರ ಪಕ್ಕ ಕೂತು ಬರೆದುಕೊಟ್ಟೆ. ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡು ಎದೆಯ ಪುಕ್ಕದ ಮೇಲೆ ಮೆಲ್ಲಗೆ ಊದುತ್ತಾರೆ. ಪುಕ್ಕ ಬಿಚ್ಚಿಕೊಂಡಾಗ ತೆಳು ಚರ್ಮದ ಕೆಳಗೆ ಕೊಬ್ಬು ಹಳದಿಯಾಗಿ ಕಾಣುತ್ತದೆ. ಎಷ್ಟಿದೆ ಅನ್ನುವುದಕ್ಕೆ ಒಂದು ಅಂಕಿ. ಹಳೇ ಫಿಲ್ಮ್ ರೋಲ್ ಡಬ್ಬಿಯಲ್ಲಿ ತಲೆಕೆಳಗಾಗಿ ಇಳಿಸಿ ತೂಕ ನೋಡುತ್ತಾರೆ. ವಿಲೋ ವಾರ್ಬ್ಲರ್ ಒಂಬತ್ತು ಗ್ರಾಂ ಆಸುಪಾಸು. ಆ ತೂಕ ಇಟ್ಟುಕೊಂಡು ಅದು ಸಹಾರಾ ದಾಟಿ ಬಂದಿರುತ್ತದೆ. ವ್ಹೀಟಿಯರ್ ಸಿಕ್ಕರೆ ರೆಕ್ಕೆ ಅಳೆಯುತ್ತಾರೆ. ಗ್ರೀನ್‌ಲ್ಯಾಂಡ್ ಕಡೆಗೆ ಹೋಗುವ ತಳಿಯ ರೆಕ್ಕೆ ಉದ್ದ, ಅವು ಬರುವುದೂ ತಡವಾಗಿ. ಇದು ದೂರದಿಂದ ನೋಡಿದರೆ ಖಚಿತವಾಗಿ ಹೇಳಲಾಗದ ಮಾತು. ಮಾರನೇ ದಿನ ಬಲೆಗೆ ಬಿದ್ದವುಗಳಲ್ಲಿ ಉಂಗುರ ಇಲ್ಲದವೇ ಜಾಸ್ತಿ ಇದ್ದರೆ ಹೊಸ ಗುಂಪು ಬಂದಿರಬೇಕು ಅಂತ ಅಂದಾಜು. ಆದರೆ ಇದಕ್ಕೆ ತರಬೇತಿ ಬೇಕು, ಪರವಾನಗಿ ಬೇಕು. ಗಾಳಿ ಜೋರಿದ್ದರೆ ಬಲೆ ಕಟ್ಟುವಂತಿಲ್ಲ, ದ್ವೀಪದಲ್ಲಿ ಗಾಳಿ ಜೋರಿಲ್ಲದ ದಿನ ಎಣಿಸಿದಷ್ಟು. ಹಾಗಾಗಿ ಇದನ್ನು ನನ್ನ ಪೈಪೋಟಿಯಲ್ಲಿ ಸೇರಿಸಿಲ್ಲ.

ಈಗ ರೆಕಾರ್ಡರ್. ಅಂಗೈಯಗಲದ ಪೆಟ್ಟಿಗೆ, ಮೈಕಿಗೆ ತುಪ್ಪಳದ ಟೋಪಿ. ಗೋಡೆಯ ಮರೆಯಲ್ಲಿ ಆಕಾಶ ನೋಡುವಂತೆ ಇಟ್ಟು ಮಲಗುವುದು. ಬೆಳಗ್ಗೆ ಅದನ್ನು ಕೇಳುವುದಕ್ಕಿಂತ ನೋಡುವುದೇ ಹೆಚ್ಚು. ಕಂಪ್ಯೂಟರಿನಲ್ಲಿ ಸದ್ದು ಚಿತ್ರವಾಗುತ್ತದೆ: ಅಡ್ಡಕ್ಕೆ ಸಮಯ, ಮೇಲಕ್ಕೆ ಸ್ವರದ ಎತ್ತರ. ರೆಡ್‌ವಿಂಗ್‌ನ ‘ಸೀಈ’ ಎಂಬ ಕೂಗು ಮೇಲಿಂದ ಕೆಳಕ್ಕೆ ಜಾರಿದ ಸಣ್ಣ ಗೀರು. ಸಾಂಗ್ ಥ್ರಶ್‌ನದ್ದು ಚುಕ್ಕೆಯಂಥ ಚಿಕ್ಕ ಗುರುತು. ಎರಡು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಮೊದಲಲ್ಲಿ ಹೇಳಿದ ಆ ರಾತ್ರಿಯ ಚಿತ್ರದಲ್ಲಿ ನಡುರಾತ್ರಿ ದಾಟಿ ಒಂದರವರೆಗೆ ರೆಡ್‌ವಿಂಗ್ ಗೀರುಗಳು. ಮೂರರ ಹೊತ್ತಿಗೆ ಪರದೆ ತುಂಬಾ ಮಳೆಯ ಮಸಿ. ರೆಡ್‌ವಿಂಗ್‌ಗಳು ಮಳೆಗೆ ಮೊದಲೇ ದಾಟಿದವು. ವಾರ್ಬ್ಲರ್‌ಗಳು ಮಳೆಗೆ ಸಿಕ್ಕಿ ಇಳಿದವು. ಥ್ರಶ್ ಜಾತಿಯವು ಕತ್ತಲಲ್ಲಿ ಕೂಗುತ್ತಾ ಹೋಗುತ್ತವೆ. ವಿಲೋ ವಾರ್ಬ್ಲರ್‌ನಂಥವು ಹೆಚ್ಚೂಕಡಿಮೆ ಮೌನವಾಗಿ ಹೋಗುತ್ತವೆ. ಮೈಕಿಗೆ ಅವು ಇಲ್ಲವೇ ಇಲ್ಲ. ರೆಕಾರ್ಡರ್ ಮಾತ್ರ ನಂಬಿದವರ ಲೆಕ್ಕದಲ್ಲಿ ವಾರ್ಬ್ಲರ್‌ಗಳಿಗೆ ವಲಸೆಯೇ ಇರುವುದಿಲ್ಲ.

ಇದರ ಕಾಟಗಳೂ ಕಡಿಮೆ ಏನಲ್ಲ. ವಸಂತದಲ್ಲಿ ಆಯ್ಸ್ಟರ್‌ಕ್ಯಾಚರ್‌ಗಳು ದಂಡೆಯಲ್ಲಿ ಗೂಡು ಮಾಡಲು ಶುರು ಮಾಡಿ ರಾತ್ರಿಯಿಡೀ ಸೀಟಿ ಊದುತ್ತವೆ. ಸದ್ದು ಕೇಳಿ ಹೆಸರು ಹೇಳುವ ಬರ್ಡ್‌ನೆಟ್‌ಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ತಗಡಿನ ಮೇಲೆ ಬಿದ್ದ ಹನಿಗೂ ಅದು ಒಂದು ಹಕ್ಕಿಯ ಹೆಸರು ಕೊಟ್ಟಿತ್ತು. ಸುಮ್ನೆ ಒಪ್ಪಿಕೊಂಡರೆ ದ್ವೀಪದ ಪಟ್ಟಿಗೆ ಇಲ್ಲದ ಹಕ್ಕಿಗಳು ಸೇರುತ್ತವೆ. ಪ್ರತಿಯೊಂದನ್ನೂ ಕಣ್ಣಾರೆ ನೋಡಬೇಕು. ಮತ್ತೆ ಮೂವತ್ತು ಕೂಗು ಅಂದರೆ ಮೂವತ್ತು ಹಕ್ಕಿ ಅಲ್ಲ. ಒಂದೇ ಹಕ್ಕಿ ಸುತ್ತು ಹೊಡೆಯುತ್ತಾ ಮೂವತ್ತು ಸಲ ಕೂಗಿರಬಹುದು, ಅದೂ ದೀಪಸ್ತಂಭ ಹತ್ತಿರ ಇದ್ದರೆ. ನಾನು ‘ಗಂಟೆಗೆ ಇಷ್ಟು ಕೂಗು’ ಅಂತಲೇ ಬರೆಯುತ್ತೇನೆ.

ಈಗ ನನ್ನ ಪದ್ಧತಿ ಹೀಗೆ. ಹೊರಗೆ ಪುಸ್ತಕ ಮಾತ್ರ. ಫೋನು ಜೇಬಿನಲ್ಲೇ ದಾರಿ ಮತ್ತು ಸಮಯ ದಾಖಲಿಸುತ್ತಿರುತ್ತದೆ, ಕೈಗೆ ಬರುವುದಿಲ್ಲ. ಸಂಜೆ ಲೆಕ್ಕ ಒಪ್ಪಿಸಿದ ಮೇಲೆ ನನ್ನ ಗೀಟುಗಳನ್ನು ಪಟ್ಟಿಗೆ ಏರಿಸುತ್ತೇನೆ. ಹೊರಗೆ ಹೋಗದ ದಿನ ಪುಸ್ತಕದಲ್ಲಿ ‘ಹೋಗಲಿಲ್ಲ’ ಅಂತ ದೊಡ್ಡದಾಗಿ ಬರೆಯುತ್ತೇನೆ, ನಾಚಿಕೆ ಇಲ್ಲದೆ. ಮೂರು ದಿನಕ್ಕೆ ಹೋಗುವವರಾದರೆ ರೆಕಾರ್ಡರ್ ಬಿಟ್ಟುಬಿಡಿ, ಪುಸ್ತಕ ಮತ್ತು ಫೋನು ಸಾಕು. ತಿಂಗಳಿರುವವರು ರೆಕಾರ್ಡರ್ ಇಡಲಿ, ಆದರೆ ಬೆಳಗ್ಗೆ ಅದರ ಮುಂದೆ ಕೂರಲು ಎರಡು ಗಂಟೆ ಇದ್ದರೆ ಮಾತ್ರ. ಬೆಳಗ್ಗೆ ಹೊರಗೆ ಹಕ್ಕಿ ಇಳಿದಿದ್ದರೆ ಯಾರು ತಾನೇ ಒಳಗೆ ಕೂರುತ್ತಾರೆ? ನನ್ನ ಹನ್ನೊಂದು ರಾತ್ರಿಗಳು ಇನ್ನೂ ತೆರೆಯದೆ ಡಿಸ್ಕ್‌ನಲ್ಲಿ ಬಿದ್ದಿವೆ.