ಐಯುಐ ಸಾಕಾ, ಐವಿಎಫ್ ಬೇಕಾ?

ಮಗು ಆಗದವರಿಗೆ ಮಾಡುವ ಚಿಕಿತ್ಸೆಗಳು ಐಯುಐ ಮತ್ತು ಐವಿಎಫ್. ಹಾಸನದಲ್ಲಿ ಕೂತು ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ಮೊದಲು ನೋಡಬೇಕಾದ್ದು ದುಡ್ಡಲ್ಲ, ವಯಸ್ಸು ಮತ್ತು ರಿಪೋರ್ಟು. ಅಂಡಾಣು ಗರ್ಭಕೋಶಕ್ಕೆ ಸಾಗುವ ಟ್ಯೂಬ್ ತೆರೆದಿದ್ದು, ವೀರ್ಯದ ರಿಪೋರ್ಟ್ ಹೆಚ್ಚುಕಮ್ಮಿ ಸರಿಯಿದ್ದು, ಹೆಂಡತಿಗೆ 35 ದಾಟಿಲ್ಲ ಅಂದರೆ ಐಯುಐ ನೋಡಬಹುದು. ತೊಳೆದ ವೀರ್ಯವನ್ನು ಸಣ್ಣ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುತ್ತಾರೆ, ಅಷ್ಟೇ. ಮೂರ್ನಾಲ್ಕು ಸಲಕ್ಕೂ ಆಗದಿದ್ದರೆ ಸುಮ್ನೆ ಅದನ್ನೇ ಮಾಡಿಸುತ್ತಾ ಕೂರಬೇಡಿ.

ಎರಡೂ ಟ್ಯೂಬ್ ಮುಚ್ಚಿದ್ದರೆ ನೇರ ಐವಿಎಫ್, ಅಂದರೆ ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು. ಅದರ ಕಷ್ಟವೇ ಬೇರೆ: ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಆಮೇಲೆ ಮಂಪರು ಕೊಟ್ಟು ಅಂಡಾಣು ತೆಗೆಯುವುದು. ನಾನು ಬೆಂಗಳೂರಿಗೆ ಓಡಾಡುವಾಗ ಇಂಜೆಕ್ಷನ್ನನ್ನು ಐಸ್ ಪ್ಯಾಕ್ ಜೊತೆ ಟಿಫಿನ್ ಬಾಕ್ಸಿನಲ್ಲಿಟ್ಟು, ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟಿದರೂ ತೊಡೆ ಮೇಲಿಂದ ಇಳಿಸದೆ ಕೂತಿದ್ದೆ. ಪಕ್ಕದ ಅಜ್ಜಿ "ಏನವ್ವಾ, ಚಟ್ನಿನಾ?" ಅಂದರು!

ಈಗ ಜಗಳ ಜಾಸ್ತಿ ಇರುವುದು ಐವಿಎಫ್ ಬಿಲ್ಲಿಗೆ ಸೇರಿಸುವ ಹೆಚ್ಚುವರಿಗಳ ಬಗ್ಗೆ. ವೀರ್ಯದ ತೊಂದರೆ ಇಲ್ಲದವರಿಗೆ ಇಕ್ಸಿಯಿಂದ (ಒಂದೇ ವೀರ್ಯಾಣುವನ್ನು ಸೂಜಿಯಲ್ಲಿ ಅಂಡಾಣುವಿನೊಳಗೆ ಬಿಡುವುದು) ಹೆಚ್ಚಿನ ಲಾಭ ಕಂಡಿಲ್ಲ. ಗರ್ಭಕೋಶದ ಒಳಪದರ ಗೀಚುವ ಸ್ಕ್ರ್ಯಾಚಿಂಗ್ ಕೂಡ 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕೈಕೊಟ್ಟಿತು. ಯಾಕೆ ಬೇಕು ಅಂತ ಮುಲಾಜಿಲ್ಲದೆ ಕೇಳಿ, ದುಡ್ಡು ನಿಮ್ಮದು ಅಲ್ವಾ? ಇಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಕ್ಲಿನಿಕ್ಕಿಗೆ ನೋಂದಣಿ ಇರಲೇಬೇಕು. ವಯಸ್ಸಿನ ಮಿತಿ ಹೆಂಗಸರಿಗೆ 50, ಗಂಡಸರಿಗೆ 55.