ಗಿಟಾರ್ ಅಭ್ಯಾಸ: 5,000 ರೂಪಾಯಿಯ ಆ್ಯಪ್, ಶನಿವಾರದ ತರಗತಿ ಮತ್ತು ಒಂದು ನೋಟ್‌ಬುಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಗೆದ್ದದ್ದು ನೋಟ್‌ಬುಕ್. ಎಂಟು ತಿಂಗಳ ಹಿಂದೆ ಗಿಟಾರ್ ಕೊಂಡಾಗ ನನಗಿದ್ದ ಭಯ ಒಂದೇ: ಅಭ್ಯಾಸ ಒಂದು ಹದಕ್ಕೆ ಬರದೆ ಅದು ಅಟ್ಟ ಸೇರೀತು. ಆ ಭಯದಲ್ಲೇ ವರ್ಷಕ್ಕೆ 5,000 ರೂಪಾಯಿ ಕಟ್ಟಿ ಒಂದು ಕಲಿಕೆಯ ಆ್ಯಪ್ ಹಾಕಿಕೊಂಡೆ. ಆಮೇಲೆ ತಿಂಗಳಿಗೆ 1,800 ರೂಪಾಯಿ ಕೊಟ್ಟು ತರಗತಿಗೆ ಸೇರಿದೆ. ಕೊನೆಗೆ ಉಳಿದದ್ದು 40 ರೂಪಾಯಿಯ ನೋಟ್‌ಬುಕ್, ಮೊಬೈಲಿನ ಉಚಿತ ಮೆಟ್ರೋನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ಎಣಿಕೆ ಕೊಡುವ ಆ್ಯಪ್) ಮತ್ತು 650 ರೂಪಾಯಿಯ ಸ್ಟ್ಯಾಂಡ್.

ಆ್ಯಪ್ ನೋಡಲು ಅಂದವಾಗಿತ್ತು, ಪಾಠಗಳ ಕ್ರಮವೂ ಚೆನ್ನಾಗಿತ್ತು. ನಾನು ನುಡಿಸಿದ್ದನ್ನು ಮೈಕಿನಿಂದ ಕೇಳಿಸಿಕೊಂಡು ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತಿತ್ತು. ಒಂದು ದಿನವೂ ಬಿಡದೆ 61 ದಿನ ನುಡಿಸಿದ್ದೇನೆ ಎಂದು ಲೆಕ್ಕವಿಟ್ಟಿತ್ತು. ಆ 61 ದಿನಗಳಲ್ಲಿ ನನ್ನ ಸಿ ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಬಾರಿಸುವ ಸ್ವರಗುಚ್ಛ) ಒಮ್ಮೆಯೂ ಪೂರ್ತಿಯಾಗಿ ನುಡಿದಿರಲಿಲ್ಲ. ಅದು ನನಗೆ ಗೊತ್ತಾದದ್ದು ತರಗತಿಗೆ ಸೇರಿದ ಮೇಲೆ.

ಗಿಟಾರಿನ ತಂತಿಗಳನ್ನು ತೀರ ತೆಳುವಾದದ್ದರಿಂದ ಎಣಿಸುತ್ತಾರೆ; ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆಯೇ ಫ್ರೆಟ್. ಸಿ ಮೇಜರ್, ಅಂದರೆ ಅದೇ ಸಿ ಕಾರ್ಡ್, ಹಿಡಿಯುವಾಗ ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ, ಉಂಗುರ ಬೆರಳು ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಕೂರಬೇಕು. ನನ್ನ ತೋರುಬೆರಳು ನೆಟ್ಟಗೆ ನಿಲ್ಲದೆ ಒರಗಿಕೊಂಡು ಮೊದಲನೆಯ ತಂತಿಗೆ ತಾಗುತ್ತಿತ್ತು. ಆ ತಂತಿಯಿಂದ ಸ್ವರವೇ ಬರುತ್ತಿರಲಿಲ್ಲ. ಆದರೆ ಸಿ ಮೇಜರ್ ಎಂದರೆ ಸಿ, ಇ, ಜಿ ಎಂಬ ಮೂರು ಸ್ವರಗಳು ಮಾತ್ರ. ಮೊದಲನೆಯ ತಂತಿಯಲ್ಲಿ ನುಡಿಯಬೇಕಿದ್ದ ಇ ಸ್ವರವೇ ನಾಲ್ಕನೆಯ ತಂತಿಯಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತಿತ್ತು. ಹಾಗಾಗಿ ಒಂದು ತಂತಿ ಮೂಕವಾಗಿದ್ದರೂ ಆ್ಯಪ್‌ಗೆ ಬೇಕಾದ ಮೂರು ಸ್ವರಗಳೂ ಸಿಗುತ್ತಿದ್ದವು, ಹಸಿರು ಬರುತ್ತಿತ್ತು. ನಾನು ಆ ಹಸಿರನ್ನು ನಂಬಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಇನ್ನೂ ನೋವಾದದ್ದು ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗುವ ಜಾಗದಲ್ಲಿ. ಹಾಡು ತನ್ನ ವೇಗದಲ್ಲಿ ಓಡುತ್ತಿತ್ತು, ನನ್ನ ಬೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ವೇಗ ತಗ್ಗಿಸುವ ಸೌಲಭ್ಯ ಇತ್ತು, ಆದರೆ ತಗ್ಗಿಸಿ ನುಡಿಸಿದರೆ ಅಂಕ ಕಡಿಮೆ. ಹೀಗಾಗಿ ಜಿಯ ಕೊನೆಯ ಬಡಿತವನ್ನು ನುಂಗಿ, ಅರ್ಧ ಎಣಿಕೆ ಮೊದಲೇ ಕೈ ಎತ್ತಿ ಸಿಗೆ ಧಾವಿಸುವುದನ್ನು ಕೈ ತಾನೇ ಕಲಿತುಬಿಟ್ಟಿತು. ಅದಕ್ಕೂ ಹಸಿರೇ ಬಂತು. ದಿನಕ್ಕೆ ಇಪ್ಪತ್ತು ಸಲ ತಪ್ಪಾಗಿ ಮಾಡಿದ್ದು ಎರಡು ತಿಂಗಳಲ್ಲಿ ಕೈಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದು ಅದನ್ನು ಬಿಡಿಸಲು ಹೋದಾಗ ತಿಳಿಯಿತು. ಬಿಡಿಸಲು ನನಗೆ ಆರು ವಾರ ಹಿಡಿಯಿತು. ಹೋದ ಹಣಕ್ಕಿಂತ ಆ ಆರು ವಾರಗಳ ಬಗ್ಗೆ ನನಗೆ ಹೆಚ್ಚು ಬೇಸರವಿದೆ.

ತರಗತಿಯ ಮೊದಲ ದಿನ ಮೇಷ್ಟ್ರು ನನ್ನ ಸಿ ಕಾರ್ಡನ್ನು ಒಮ್ಮೆ ಕೇಳಿದರು. “ಒಟ್ಟಿಗೆ ಬಾರಿಸಬೇಡಿ, ಒಂದೊಂದೇ ತಂತಿ ಮೀಟಿ ತೋರಿಸಿ” ಎಂದರು. ಐದನೆಯದರಿಂದ ಶುರುಮಾಡಿ ಮೊದಲನೆಯದಕ್ಕೆ ಬರುವಷ್ಟರಲ್ಲಿ ತಪ್ಪು ಇಬ್ಬರಿಗೂ ಕೇಳಿಸಿತ್ತು. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಹಿಂದೆ ಸ್ವಲ್ಪ ಕೆಳಗೆ ಇಳಿಸಿದರು, ತೋರುಬೆರಳು ತಾನಾಗಿ ನೆಟ್ಟಗಾಯಿತು. ಇಷ್ಟು ಮಾಡಲು ಎದುರಿಗೆ ಮನುಷ್ಯರೇ ಇರಬೇಕು.

ಆದರೆ ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನಮಗೆ ರಜೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ. ತರಗತಿಯೋ ಪ್ರತಿ ಶನಿವಾರ ಬೆಳಿಗ್ಗೆ. ತಿಂಗಳ ಅರ್ಧ ಪಾಠ ಹಾಗೆಯೇ ತಪ್ಪುತ್ತಿತ್ತು, ಶುಲ್ಕ ಮಾತ್ರ ಪೂರ್ತಿ. ಜೊತೆಗೆ ವಾರವಿಡೀ ಸುಮ್ಮನಿದ್ದು ಶುಕ್ರವಾರ ರಾತ್ರಿ ಒಂದೂವರೆ ಗಂಟೆ ಕೂರುವ ಚಾಳಿ ಬೆಳೆಯಿತು. ಬೆರಳ ತುದಿ ಉರಿಯುತ್ತಿದ್ದುದರಿಂದ ಮುಂದಿನ ಎರಡು ದಿನ ಗಿಟಾರ್ ಮುಟ್ಟುತ್ತಿರಲಿಲ್ಲ.

ನೋಟ್‌ಬುಕ್ ಬಂದದ್ದು ಹಳೆಯ ನೆನಪೊಂದರಿಂದ. ಚಿಕ್ಕಂದಿನಲ್ಲಿ ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ. ಮಾಯಾಮಾಳವಗೌಳ ರಾಗದ ಸರಳೆ ವರಸೆಗಳನ್ನು, ಅಂದರೆ ಆರಂಭದ ಸ್ವರ ಪಾಠಗಳನ್ನು, ಮೂರು ಕಾಲಗಳಲ್ಲಿ ಹಾಡಿಸುತ್ತಿದ್ದರು. ತಾಳದ ವೇಗ ಬದಲಾಗುವುದಿಲ್ಲ. ಒಂದು ಎಣಿಕೆಗೆ ಮೊದಲು ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಒಂದನೆಯ ಕಾಲ ಶುದ್ಧವಾಗದೆ ಎರಡನೆಯದಕ್ಕೆ ಬಿಡುತ್ತಿರಲಿಲ್ಲ. ಈಗ ಮೆಟ್ರೋನೋಮನ್ನು ನಿಮಿಷಕ್ಕೆ 50 ಎಣಿಕೆಗೆ ಇಟ್ಟು, ನಾಲ್ಕು ಬೆರಳು ನಾಲ್ಕು ಫ್ರೆಟ್ಟುಗಳಲ್ಲಿ ನಡೆಯುವ ಅಭ್ಯಾಸವನ್ನು ಅದೇ ಮೂರು ಕಾಲಗಳಲ್ಲಿ ಮಾಡುತ್ತೇನೆ. ಮೂರನೆಯ ಕಾಲ ಇನ್ನೂ ಕೂಡಿಬಂದಿಲ್ಲ.

ಬೆಳಿಗ್ಗೆ ಆರರಿಂದ ಆರೂ ಇಪ್ಪತ್ತು ನನ್ನ ಸಮಯ. ಐದು ನಿಮಿಷ ಬೆರಳಿಗೆ, ಐದು ನಿಮಿಷ ಕಾರ್ಡ್ ಬದಲಾವಣೆಗೆ, ಹತ್ತು ನಿಮಿಷ ಹಾಡಿಗೆ. ನೋಟ್‌ಬುಕ್ಕಿನಲ್ಲಿ ತಾರೀಕು, ಮೆಟ್ರೋನೋಮಿನ ಅಂಕಿ, ಒಂದು ನಿಮಿಷದಲ್ಲಿ ಜಿ–ಸಿ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿತು ಎಂಬ ಲೆಕ್ಕ. ಮೊದಲ ವಾರ 14, ಈಗ 38. ತಂತಿ ಮೂಕವಾದರೆ ಆ ಬದಲಾವಣೆಯನ್ನು ಎಣಿಸುವುದಿಲ್ಲ. ಸತತ ಮೂರು ಸಲ ಸ್ವಚ್ಛವಾಗಿ ಬಂದರೆ ಮಾತ್ರ ಮೆಟ್ರೋನೋಮಿನ ಅಂಕಿ ನಾಲ್ಕು ಏರುತ್ತದೆ. ಕೊನೆಯ ಸಾಲಿನಲ್ಲಿ ನಾಳೆ ಎಲ್ಲಿಂದ ಶುರು ಎಂದು ಬರೆಯುತ್ತೇನೆ. ನಿದ್ದೆಗಣ್ಣಿನಲ್ಲಿ ಕುಳಿತಾಗ ಏನು ನುಡಿಸಲಿ ಎಂದು ಹುಡುಕದೆ ಕೈ ನೇರವಾಗಿ ಕೆಲಸಕ್ಕೆ ಇಳಿಯುವುದು ಆ ಒಂದು ಸಾಲಿನಿಂದ.

ಸ್ಟ್ಯಾಂಡ್ ಬಗ್ಗೆ ಒಂದೇ ಮಾತು: ಚೀಲದ ಜಿಪ್ ತೆಗೆಯುವ ಕೆಲಸ ತಪ್ಪಿದ ದಿನದಿಂದ ಅಭ್ಯಾಸ ತಪ್ಪಿದ್ದು ಕಡಿಮೆ. ಕಿಟಕಿಯ ಬಿಸಿಲು ಬೀಳದ ಮೂಲೆಯಲ್ಲಿ ಇಡಿ.

ಶ್ರುತಿ ಮಾಡಲು ಆ್ಯಪ್‌ನಲ್ಲಿದ್ದ ಟ್ಯೂನರ್ ನಿಜಕ್ಕೂ ಉಪಯುಕ್ತ, ಆದರೆ ಅಂಥದ್ದು ಉಚಿತವಾಗಿಯೂ ಸಿಗುತ್ತದೆ. ಹುರುಪು ತುಂಬುವುದರಲ್ಲಿ ತರಗತಿಯೇ ಮೇಲು. ಮುಸ್ಸಂಜೆ ಬಿಡುವಿದ್ದು, ಮನೆಯ ಹತ್ತಿರವೇ ಕಲಿಸುವವರಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆನೇನೋ. ನನ್ನ ನೌಕರಿ, ನನ್ನ ಸಂಬಳಕ್ಕೆ ಹೊಂದಿದ್ದು ನೋಟ್‌ಬುಕ್. ಅದರ ಕೊರತೆಯೆಂದರೆ ಅದು ಕೈಯನ್ನು ನೋಡಲಾರದು. ಅದಕ್ಕಾಗಿ ಈಗ ತಿಂಗಳಿಗೊಮ್ಮೆ, ಎರಡನೆಯ ಶನಿವಾರ, 500 ರೂಪಾಯಿ ಕೊಟ್ಟು ಮೇಷ್ಟ್ರಿಗೆ ಕೈ ತೋರಿಸಿ ಬರುತ್ತೇನೆ. ಪೂರ್ತಿ ಶುಲ್ಕ ಬೇಡವೆಂದು ಅವರೇ ಹೇಳಿದರು.

ಆ್ಯಪ್‌ನ ಚಂದಾ ತಾನಾಗಿ ಮುಂದುವರಿಯದಂತೆ ನಿಲ್ಲಿಸಿದ್ದೇನೆ. ಈ ಸೋಮವಾರ ಎಫ್ ಕಾರ್ಡಿಗೆ ಹೊಸ ಪುಟ ತೆರೆದೆ. ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಇವತ್ತು ಒಂದೊಂದೇ ಮೀಟಿ ನೋಡಿದಾಗ ಐದು ನುಡಿದವು. ಎರಡನೆಯ ತಂತಿ ಬಾಕಿ ಎಂದು ಬರೆದಿಟ್ಟಿದ್ದೇನೆ.