ಈವಿಲ್ ಡೆಡ್ ಈಗ ನೋಡಿದರೆ: ರಕ್ತಕ್ಕಿಂತ ಜಾಸ್ತಿ ಹೆದರಿಸುವುದು ಸದ್ದು

ಹೈಸ್ಕೂಲಿನಲ್ಲಿದ್ದಾಗ ನಮ್ಮ ಗುಂಪಿಗೆಲ್ಲ ಹುಚ್ಚು ಹಿಡಿಸಿದ್ದ ಸಿನಿಮಾ ಸ್ಯಾಮ್ ರೈಮಿಯ ‘ದಿ ಈವಿಲ್ ಡೆಡ್’. ಬಾಡಿಗೆ ಸಿಡಿ ತಂದು, ದೊಡ್ಡವರು ಮನೆಯಲ್ಲಿಲ್ಲದ ಹೊತ್ತು ನೋಡುತ್ತಿದ್ದೆವು. ಈಗ ಒಳ್ಳೆ ಪ್ರಿಂಟ್ ಸಿಕ್ಕಿತು. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತು ನೋಡಿದೆ. ಆಗೆಲ್ಲ ನಾವು ಕಾಯುತ್ತಿದ್ದದ್ದು ರಕ್ತಕ್ಕೆ. ಈಗ ನನ್ನನ್ನು ಹಿಡಿದು ಕೂರಿಸಿದ್ದು ದೆವ್ವ ಮೈಮೇಲೆ ಬರುವುದಕ್ಕೂ ಮುಂಚಿನ ಭಾಗ.

ಕಥೆ ಸಣ್ಣದು. ಐದು ಜನ ಹುಡುಗ ಹುಡುಗಿಯರು ಅಮೆರಿಕದ ಟೆನೆಸಿಯ ಕಾಡಿನಲ್ಲಿರುವ ಹಳೇ ಮರದ ಮನೆಗೆ ರಜೆ ಕಳೆಯಲು ಬರುತ್ತಾರೆ. ನೆಲಮಾಳಿಗೆಯಲ್ಲಿ ಒಂದು ಪುಸ್ತಕ, ಒಂದು ಟೇಪ್ ರೆಕಾರ್ಡರ್ ಸಿಗುತ್ತದೆ. ಟೇಪಿನಲ್ಲಿರುವ ಮಂತ್ರ ಕೇಳಿ ಕಾಡಿನಲ್ಲಿ ಮಲಗಿದ್ದದ್ದು ಎದ್ದು ಬರುತ್ತದೆ. ಅಷ್ಟೇ.

ಅವರು ಬಂದಿಳಿಯುವ ದೃಶ್ಯ ನೋಡಿ. ಜಗಲಿಯಲ್ಲಿ ಸರಪಳಿಗೆ ತೂಗುಹಾಕಿದ ಒಂದು ಬೆಂಚು ತಾನಾಗೇ ಆಡುತ್ತಾ ಗೋಡೆಗೆ ಧಡ್, ಧಡ್ ಅಂತ ಬಡಿಯುತ್ತಿರುತ್ತದೆ. ಐವರಲ್ಲೊಬ್ಬ ಸ್ಕಾಟ್ ಬಾಗಿಲ ಮೇಲೆ ಕೈಯಾಡಿಸಿ ಕೀ ಹುಡುಕುತ್ತಾನೆ. ಕೀ ಕೈಗೆ ಬಂದ ಕ್ಷಣ ಬೆಂಚು ಗಪ್ಪಂತ ನಿಂತುಬಿಡುತ್ತದೆ. ಯಾರೂ ಮಾತಾಡುವುದಿಲ್ಲ. ಹೆಡ್‌ಫೋನಿನಲ್ಲಿ ಆ ಮೌನ ಕೇಳಿ ನನ್ನ ಮೈ ಜುಮ್ಮಂದಿತು. ಸ್ವಲ್ಪ ಹೊತ್ತಿಗೆ ಗುಂಪಿನ ಹುಡುಗಿ ಶೆರಿಲ್ ಗೋಡೆ ಗಡಿಯಾರದ ಚಿತ್ರ ಬಿಡಿಸುತ್ತಾ ಕೂತಿರುತ್ತಾಳೆ. ಲೋಲಕ ನಿಲ್ಲುತ್ತದೆ. ಪೆನ್ಸಿಲ್ ಹಿಡಿದ ಕೈ ಅವಳ ಮಾತೇ ಕೇಳದೆ ಗೀಚತೊಡಗುತ್ತದೆ. ಅವಳು ಇದನ್ನು ಯಾರಿಗೂ ಹೇಳುವುದಿಲ್ಲ. ಆಮೇಲೆ ಕಾಡಿನಿಂದ ಓಡಿ ಬಂದು ಹೇಳಿದಾಗ ಯಾರೂ ಪೂರ್ತಿ ನಂಬುವುದಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಟ್ಟಿದ್ದು ಅದು.

ಕಾಡಿನ ಮರಗಳು ಅವಳ ಮೇಲೆ ಎರಗುವ ದೃಶ್ಯ ಮಾತ್ರ ಈಗಲೂ ಬೇಡವೇ ಬೇಡ. ಅಷ್ಟು ಕ್ರೂರವಾಗಿ, ಅಷ್ಟು ಹೊತ್ತು ತೋರಿಸುವ ಅಗತ್ಯವೇ ಇರಲಿಲ್ಲ. ರೈಮಿಗೇ ಮುಂದೆ ಅದರ ಬಗ್ಗೆ ಬೇಸರವಾಗಿತ್ತು.

ಚಿತ್ರೀಕರಣ ಶುರುವಾದಾಗ, ಅಂದರೆ 1979ರ ಚಳಿಗಾಲದಲ್ಲಿ, ರೈಮಿಗೆ ಬರೀ 20 ವರ್ಷ. ನಾಯಕ ಆಶ್ ಪಾತ್ರ ಮಾಡಿದ ಬ್ರೂಸ್ ಕ್ಯಾಂಪ್‌ಬೆಲ್ ಮಿಶಿಗನ್‌ನ ಹಳೇ ಗೆಳೆಯ. ಮೊದಲು ಒಂದು ಕಿರುಚಿತ್ರ ಮಾಡಿ, ಅದನ್ನು ತೋರಿಸಿ ದುಡ್ಡು ಹೊಂದಿಸಿದರು. ಟ್ರ್ಯಾಕ್, ಕ್ರೇನಿಗೆಲ್ಲ ದುಡ್ಡೆಲ್ಲಿ? ಉದ್ದನೆ ಹಲಗೆಗೆ ಕ್ಯಾಮೆರಾ ಬಿಗಿದು, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಕಾಡಿನಲ್ಲಿ ಓಡಿದರು. ಪೊದೆಗಳ ನಡುವೆ ನೆಲಕ್ಕೆ ತಾಗಿಕೊಂಡೇ ನುಗ್ಗಿ ಬರುತ್ತದಲ್ವಾ, ಆ ಕಾಣದ ದೆವ್ವ? ಅದೇ ಇದು. ರಕ್ತ ಅಂದರೆ ಜೋಳದ ಸಿರಪ್ಪಿಗೆ ಬಣ್ಣ ಬೆರೆಸಿದ್ದು. ದೆವ್ವದ ಬಿಳಿ ಕಣ್ಣಿಗೆ ಹಾಕಿದ ದಪ್ಪ ಲೆನ್ಸಿನಿಂದ ನಟರಿಗೆ ಎದುರಿಗಿರುವುದೇ ಕಾಣುತ್ತಿರಲಿಲ್ಲ. ಕೆಲಸ ಎಳೆದು ಎಳೆದು ಎಷ್ಟೋ ಜನ ಹೊರಟು ಹೋದರು. ಉಳಿದವರೇ ಮೇಕಪ್ ಹಾಕಿಕೊಂಡು ಅವರ ಜಾಗದಲ್ಲಿ ನಿಂತರು. ಇಷ್ಟು ಗೊತ್ತಿದ್ದೂ ಹೆದರಿಕೆ ಒಂಚೂರೂ ಕಡಿಮೆಯಾಗಲಿಲ್ಲ, ಗೌರವ ಮಾತ್ರ ಜಾಸ್ತಿಯಾಯಿತು.

ದೆವ್ವ ಹಿಡಿದ ಮೇಲೆ ಆಶ್‌ನ ಗೆಳತಿ ಲಿಂಡಾ ಬಾಗಿಲಲ್ಲಿ ಚಕ್ಕಂಬಕ್ಕಲ ಹಾಕಿ ಕೂತು, ಪುಟ್ಟ ಮಗುವಿನ ಹಾಗೆ ಕಿಲಕಿಲ ನಗುತ್ತಾ ‘ನಿನ್ನನ್ನು ಹಿಡೀತೀವಿ’ ಅಂತ ರಾಗವಾಗಿ ಹಾಡುತ್ತಾಳಲ್ಲ, ಅದನ್ನು ಕೇಳಿ ಲೈಟ್ ಹಾಕಿದೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಆಶ್ ಅವಳಿಗೆ ಸರ ಕೊಟ್ಟಿದ್ದ. ನಿದ್ದೆ ಬಂದವನ ಹಾಗೆ ನಟಿಸುತ್ತಾ, ಕಣ್ಣು ತೆರೆದು ಮುಚ್ಚಿ ಅವಳನ್ನು ಆಡಿಸಿದ್ದ. ಪ್ರೀತಿ ತುಂಬಿದ ಆ ದೃಶ್ಯ ಹೈಸ್ಕೂಲಿನಲ್ಲಿ ನಮಗೆ ಬೋರು, ಫಾರ್ವರ್ಡ್ ಮಾಡುತ್ತಿದ್ದೆವು. ಅದಿಲ್ಲದಿದ್ದರೆ ಈ ಹಾಡಿಗೆ ಇಷ್ಟು ಬಲ ಬರುತ್ತಿರಲಿಲ್ಲ. ಕೊನೆಯಲ್ಲಿ ಆಶ್ ಕೈಗೆ ಸಿಗುವುದೂ ಅದೇ ಸರ.

ಮುಗಿಯುವ ಹೊತ್ತಿಗೆ ದೆವ್ವಗಳು ಕರಗಿ ಕೊಳೆಯುವ ದೃಶ್ಯ ಈಗ ಗೊಂಬೆಯಾಟದ ಹಾಗೆ ಕಾಣುತ್ತದೆ, ನಿಜ. ಒಂದೊಂದೇ ಫ್ರೇಮ್ ಸರಿಸಿ ಕೈಯಿಂದ ಮಾಡಿದ ಕೆಲಸ ಅದು. ಇಂದಿನ ಗ್ರಾಫಿಕ್ಸಿಗಿಂತ ನನಗೆ ಅದೇ ಇಷ್ಟ. ಬರೀ 85 ನಿಮಿಷದ ಸಿನಿಮಾ. ಮೊದಲ ಸಲ ನೋಡುವವರು 1987ರ ಎರಡನೇ ಭಾಗದಿಂದ ಶುರು ಮಾಡಬೇಡಿ, ಅದರಲ್ಲಿ ನಗು ಜಾಸ್ತಿ. ಇದನ್ನೇ ಮೊದಲು ನೋಡಿ. ಮಕ್ಕಳು ಮಲಗಿದ ಮೇಲೆ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು.